ದಿಲ್ಲಿಯ ಚೀಟಿಯಲ್ಲಿ ನಿನ್ನ ಹೆಸರು

ಅಪ್ಪ,

ದಿಲ್ಲಿಗೆ ಹೋಗಿಬಂದೆ. ಇದನ್ನು ಮೊದಲ ಸಾಲಿನಲ್ಲೇ ಹೇಳಿಬಿಡುತ್ತೇನೆ. ನೀನಿದ್ದಿದ್ದರೆ ಉಳಿದದ್ದನ್ನು ಕೇಳುವಷ್ಟು ತಾಳ್ಮೆ ನಿನಗೆ ಇರುತ್ತಿರಲಿಲ್ಲ. ಎತ್ತಿನ ಹಗ್ಗ ಕೈಯಲ್ಲಿ ಹಿಡಿದುಕೊಂಡೇ, “ಕಲ್ಲು ನೋಡಿದ್ಯಾ? ಹೆಸರು ಐತಾ?” ಎಂದು ಕೇಳುತ್ತಿದ್ದೆ. ಕಲ್ಲು ನೋಡಿದೆ. ಹೆಸರಿನ ವಿಷಯ ಮಾತ್ರ ಒಂದು ಮಾತಿನಲ್ಲಿ ಮುಗಿಯುವಂಥದ್ದಲ್ಲ. ಬಂದಾಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಕೋಟೆಯ ಬಾಗಿಲಿನಿಂದ ಹೊಳೆಯವರೆಗೆ ನಡೆಯುತ್ತೇನೆ, ಹೊಳೆಯಿಂದ ಮತ್ತೆ ಬಾಗಿಲಿಗೆ. ಕರಪತ್ರ ಓದಲು ಕೂತರೆ ಎರಡು ಸಾಲು ದಾಟುವುದಿಲ್ಲ. ಯಾರಿಗಾದರೂ ಎಲ್ಲವನ್ನೂ ಹೇಳಬೇಕು ಅನ್ನಿಸಿತು. ನಿನ್ನನ್ನು ಬಿಟ್ಟರೆ ಇನ್ನು ಯಾರಿಗೆ ಹೇಳಲಿ?

ಆ ಕಲ್ಲು ನಮ್ಮ ಹಿತ್ತಲಿನಿಂದ ಹೋದ ದಿನ ನೀನು ಊರಿನಲ್ಲಿರಲಿಲ್ಲ. ಗಾಡಿ ಕಟ್ಟಿಕೊಂಡು ಸಂಡೂರಿಗೆ ಅಕ್ಕಿ ಹಾಕಲು ಹೋಗಿದ್ದೆ. ಹಳೆಯ ಕಲ್ಲು, ಶಾಸನ ಹುಡುಕುತ್ತ ಕಂಪ್ಲಿಗೆ ಬಂದಿದ್ದ ಸಾಹೇಬ ಮತ್ತು ಅವನ ಗುಮಾಸ್ತ ನಮ್ಮ ಹಿತ್ತಲಿಗೂ ಬಂದರಂತೆ. ಅವ್ವ ಮದುವೆಯಾಗಿ ಬಂದಾಗಿನಿಂದ ಬಟ್ಟೆ ಒಗೆಯುತ್ತಿದ್ದ ಕಲ್ಲನ್ನು ಇಬ್ಬರು ಆಳುಗಳಿಂದ ಮಗುಚಿಸಿ ನೋಡಿದರೆ, ಅಡಿಯಲ್ಲಿ ಒಂದು ಕಂಬ, ಕಂಬದಿಂದ ಚಾಚಿದ ಒಂದು ಹೆಣ್ಣಿನ ಕೈ, ಕೈತುಂಬ ಬಳೆ. ಗಂಡನ ಚಿತೆ ಏರಿದವಳ ನೆನಪಿಗೆ ನೆಡುವ ಮಾಸ್ತಿಕಲ್ಲು. ಅವ್ವ ಗಾಬರಿಯಾಗಿ ನೆಲಕ್ಕೆ ಹಣೆ ಹಚ್ಚಿದಳಂತೆ. ಇಷ್ಟು ವರ್ಷ ಅವಳ ಬೆನ್ನ ಮೇಲೆ ಬಟ್ಟೆ ಕುಟ್ಟಿದೆನಲ್ಲ ಎಂದು ಆಮೇಲೆ ಎಷ್ಟು ದಿನ ಉಣ್ಣುವಾಗಲೂ ಅದೇ ಮಾತು. ಅರೆಬರೆ ಕನ್ನಡ ಬಲ್ಲ ಗುಮಾಸ್ತ ಪುಸ್ತಕ ತೆಗೆದು, ಕಲ್ಲು ಯಾರದು ಎಂದು ಕೇಳಿ, ಕೊಟ್ಟವರ ಹೆಸರು ಚೀಟಿಯಲ್ಲಿ ಬರೆದು ಎಲ್ಲರಿಗೂ ಕಾಣುವಂತೆ ಇಡುತ್ತಾರೆ ಎಂದನಂತೆ. ಅವ್ವ ಉತ್ತರ ಹೇಳಿದಳು, ಅವನು ಬರೆದುಕೊಂಡ, ಗಾಡಿ ಹೋಯಿತು. ಕಲ್ಲು ಮದ್ರಾಸು ದಾಟಿ ದಿಲ್ಲಿಯ ಒಂದು ಮ್ಯೂಸಿಯಂ ಸೇರಿದೆ ಎಂದು ಮುಂದಿನ ವರ್ಷ ಕಾಗದ ಬಂತು.

ಆ ಕಾಗದ ಬಂದ ದಿನದಿಂದ ನಿನ್ನ ನಡಿಗೆಯೇ ಬದಲಾಯಿತು ಅಲ್ಲವೇ? ಹೊಸಪೇಟೆ ಸ್ಟೇಷನ್ನಿನಲ್ಲಿ ಅಕ್ಕಿ ಇಳಿಸಿ, ಬರುವಾಗ ಹಂಪಿ ನೋಡಲು ಬಂದವರನ್ನು ಗಾಡಿಗೆ ಹತ್ತಿಸಿಕೊಳ್ಳುತ್ತಿದ್ದೆ. ಕಮಲಾಪುರ ಮುಟ್ಟುವುದರೊಳಗೆ ಅವರಿಗೆಲ್ಲ ಗೊತ್ತಾಗಿರುತ್ತಿತ್ತು: “ಕೊಟ್ರಪ್ಪ ಕೊಟ್ಟ ಕಲ್ಲು ದಿಲ್ಲ್ಯಾಗ ಐತ್ರಿ. ನೀವು ಆ ಕಡೆ ಹೋದ್ರ ಹೆಸರು ಓದಿ ಬರ್ರಿ.” ಅವರಲ್ಲಿ ಯಾರೂ ಓದಿ ಬಂದು ಹೇಳಲಿಲ್ಲ. ನೀನು ಕಾಯುವುದನ್ನೂ ಬಿಡಲಿಲ್ಲ. ನನಗೆ ಆಗ ನಾಚಿಕೆಯಾಗುತ್ತಿತ್ತು. ಪರಕೀಯರ ಸರ್ಕಾರ ಒಂದು ಚೀಟಿಯಲ್ಲಿ ಹೆಸರು ಬರೆದರೆ ಅದಕ್ಕೆ ಇಷ್ಟು ಹಿಗ್ಗೇ ಎಂದು ನಿನ್ನ ಎದುರಿಗೇ ಅಂದಿದ್ದೆ. ನೀನು ಸತ್ತ ಮೇಲೆ ಎರಡು ವರ್ಷ ಅದೇ ಚೀಟಿಯ ಕನಸು ನನಗೆ ಬೀಳುತ್ತಿತ್ತು ಎಂದರೆ ನಂಬುತ್ತೀಯಾ?

ಆನೆ ಲಾಯದ ಮುಂದಿನ ಆ ಮಧ್ಯಾಹ್ನ ನಿನಗೆ ನೆನಪಿರುತ್ತದೆ. ಮದ್ರಾಸಿನಿಂದ ಬಂದ ಒಂದು ಕುಟುಂಬ. ನೀನು ಒಂದೊಂದು ಬಾಗಿಲಿಗೂ ನಿಂತು, ಇಲ್ಲಿ ಇಂಥ ಆನೆ, ಅಲ್ಲಿ ಇಂಥ ಆನೆ ಎಂದು ಅವುಗಳ ಹೆಸರು ಹೇಳುತ್ತಿದ್ದೆ. ಆ ಮಕ್ಕಳು ಬಾಯಿ ಬಿಟ್ಟು ಕೇಳುತ್ತಿದ್ದರು. ನಾನು ಹೊಸದಾಗಿ ಓದು ಹಿಡಿದವನು, ಮೈಯೆಲ್ಲ ಬೆಂಕಿ. “ಇದೆಲ್ಲ ಸುಳ್ಳು, ಯಾವ ಪುಸ್ತಕದಲ್ಲೂ ಇಲ್ಲ” ಎಂದುಬಿಟ್ಟೆ. ನೀನು ಸ್ಟೇಷನ್ನಿನವರೆಗೆ ಗಾಡಿ ಹೊಡೆದೆ. ಅವರು ಇಳಿದು ಹೋದ ಮೇಲೆ ಎತ್ತಿನ ಬೆನ್ನು ಸವರುತ್ತ, “ರಾಜಂದು ಕಲ್ಲಿನ ಮ್ಯಾಲ ಬರದಾರ. ಆನಿಗೂ ಒಂದು ಹೆಸರು ಇರ್ಲಿ ಅಂತ ಹೇಳಿದ್ನಪ್ಪ” ಎಂದೆ. ಅದಕ್ಕೆ ನಾನು ಏನೋ ಉತ್ತರ ಕೊಟ್ಟೆ. ಏನು ಕೊಟ್ಟೆನೋ ಈಗ ನೆನಪಿಲ್ಲ, ನೆನಪಾಗುವುದೂ ಬೇಡ.

ದಿಲ್ಲಿಯ ಖಾದಿ ಪ್ರದರ್ಶನಕ್ಕೆ ಬಟ್ಟೆಯ ಗಂಟು ಒಯ್ಯಲು ಇಬ್ಬರು ಬೇಕು ಎಂದಾಗ ನಾನೇ ಮೊದಲು ಕೈ ಎತ್ತಿದೆ. ದೇಶಕ್ಕಾಗಿ ಎಂದು ಎಲ್ಲರಿಗೂ ಹೇಳಿದೆ. ಗುಂತಕಲ್ಲಿನಲ್ಲಿ ರೈಲು ಬದಲಿಸುವಾಗಲೇ ಜೊತೆಗೆ ಬಂದ ಸಂಡೂರಿನ ಈರಣ್ಣ ಮಾಸ್ತರರಿಗೆ ನಿಜ ಗೊತ್ತಾಗಿಹೋಯಿತು. ಅವರು ನಿನ್ನ ವಯಸ್ಸಿನವರು, ನೂಲುವುದನ್ನು ಕಲಿಸುವವರು, ದಿಲ್ಲಿಯಲ್ಲಿ ಒಂದು ಗೋಡೆಯನ್ನೂ ಬಿಡದೆ ನೋಡಬೇಕೆಂದು ಹೊರಟವರು. ಪ್ರದರ್ಶನ ಮುಗಿದ ಮೇಲೆ ಮೂರು ದಿನ ಬಿಡುವಿತ್ತು. ನನಗೆ ಮೊದಲು ಮ್ಯೂಸಿಯಂ. ಅವರು ಬಿಡಬೇಕಲ್ಲ? “ಲೇ ತಮ್ಮಾ, ಕಲ್ಲಿಗೆ ಕಾಲಿಲ್ಲ, ಅದು ಎಲ್ಲೂ ಹೋಗಂಗಿಲ್ಲ. ಮದ್ಲ ಕುತುಬ್ ನೋಡೋಣ ಬಾ.” ಅಷ್ಟರಲ್ಲಿ ಮ್ಯೂಸಿಯಂ ಮೂರನೆಯ ದಿನವೇ ತೆರೆಯುವುದೆಂದು ತಿಳಿಯಿತು. ಎರಡು ದಿನ ನಾನು ಕಾಲಲ್ಲಿ ಮುಳ್ಳು ಇಟ್ಟುಕೊಂಡವನಂತೆ ದಿಲ್ಲಿ ಸುತ್ತಿದೆ.

ಕುತುಬ್ ಮಿನಾರಿನ ಬುಡದಲ್ಲಿ ನಿಂತಾಗ ನನ್ನ ಬಾಯಿ ಸುಮ್ಮನಿರಲಿಲ್ಲ. ಕಟ್ಟಿಸಿದವನ ಹೆಸರು ಇದೆ, ಕಟ್ಟಿದವರ ಹೆಸರು ಎಲ್ಲಿ? ಈ ಕಲ್ಲು ಹೊತ್ತವರು ಮಧ್ಯಾಹ್ನ ಏನು ಉಂಡರು? ಹೀಗೆ ಶುರುಮಾಡಿದೆ. ಈರಣ್ಣ ಮಾಸ್ತರು ಕುತ್ತಿಗೆ ಎತ್ತಿ ಮೇಲೆ ನೋಡುತ್ತಲೇ, “ನಿನ್ನ ಕರಪತ್ರ ಈ ಮಿನಾರಿಗೆ ಓದಿ ಹೇಳಬ್ಯಾಡ, ಅದು ಇನ್ನಷ್ಟು ವಾಲೀತು” ಎಂದರು. ಪಕ್ಕದ ಕಬ್ಬಿಣದ ಕಂಬವನ್ನು ಮಾತ್ರ ಅವರು ಬಿಟ್ಟು ಬರಲಿಲ್ಲ. ಜನ ಅದಕ್ಕೆ ಬೆನ್ನು ಹಚ್ಚಿ ಹಿಂದಿನಿಂದ ಕೈ ಸೇರಿಸಲು ನೋಡುತ್ತಿದ್ದರು; ಇವರೂ ನೋಡಿದರು, ಸೇರಲಿಲ್ಲ. “ಮಳ್ಯಾಗ ನಿಂತು ತುಕ್ಕು ಹಿಡದಿಲ್ಲ ನೋಡು. ನಮ್ಮ ಸಂಡೂರು ಗುಡ್ಡದ ಮಣ್ಣಿಂದ ಮಾಡಿರ್ಬೇಕು.” ನನಗೆ ನಗು ಬಂತು, ಸುಳ್ಳು ಎನ್ನಲು ಬಾಯಿಯೂ ತೆರೆಯಿತು. ಆಮೇಲೆ ಮುಚ್ಚಿಕೊಂಡೆ. ನಮ್ಮ ಟಾಂಗಾದವನು ಹಿಂದಿಯಲ್ಲಿ ಒಂದೊಂದು ಗೋರಿಗೂ ಒಂದೊಂದು ಕಥೆ ಹೇಳಿದ, ರಾಣಿಯ ಪಾರಿವಾಳಕ್ಕೂ ಒಂದು ಹೆಸರಿಟ್ಟಿದ್ದ. ನಾನು ತಲೆ ಆಡಿಸುತ್ತ ಕೂತೆ. ಅವನ ಬೆನ್ನು ನಿನ್ನ ಬೆನ್ನಿನ ಹಾಗೆಯೇ ಒಂದು ಕಡೆ ಬಾಗಿತ್ತು, ಅಪ್ಪ. ಅಷ್ಟು ಸಾಕಾಯಿತು...

ಹೊಸ ದಿಲ್ಲಿಯ ಆ ಅಗಲ ದಾರಿಯಲ್ಲಿ ನಡೆದಾಗ ನನಗೆ ಹಂಪಿಯ ಬಜಾರು ಕಣ್ಣಿಗೆ ಬಂತು. ಒಂದು ಖಾಲಿಯಾಗಿ ಬಿದ್ದ ರಾಜಧಾನಿ, ಇನ್ನೊಂದು ಈಗಷ್ಟೇ ಸುಣ್ಣ ಕಂಡ ರಾಜಧಾನಿ. ವೈಸರಾಯನ ಅರಮನೆಯನ್ನು ದೂರದಿಂದಲೇ ನೋಡಿ ನಾನು ಬೆನ್ನು ತಿರುಗಿಸಿದೆ. ದಾರಿಯ ಇನ್ನೊಂದು ತುದಿಯಲ್ಲಿ ಯುದ್ಧದಲ್ಲಿ ಸತ್ತ ಸಿಪಾಯಿಗಳ ಹೆಸರು ಕೆತ್ತಿದ ದೊಡ್ಡ ಕಮಾನು ಇದೆ. ಯಾರ ಯುದ್ಧ, ಯಾರು ಸತ್ತದ್ದು ಎಂದು ಬೈಯಲು ಹೋದವನು ಒಂದು ತಾಸು ಅದರ ಕೆಳಗೆ ಕುತ್ತಿಗೆ ನೋಯುವಂತೆ ನಿಂತೆ. ನಮ್ಮ ಕಡೆಯ ಹೆಸರು ಒಂದಾದರೂ ಇದೆಯೇ ಎಂದು ಹುಡುಕುತ್ತಿದ್ದೆ. ಹೆಸರಿನ ಹುಚ್ಚಿಗೆ ನಿನ್ನನ್ನು ಹಂಗಿಸಿದವನು ನಾನು, ಅದೇ ಹುಚ್ಚು ನನಗೂ ಇತ್ತು. ಈರಣ್ಣ ಮಾಸ್ತರು ಅಲ್ಲೇ ಹುಲ್ಲಿನ ಮೇಲೆ ಕೂತು ಶೇಂಗಾ ತಿನ್ನುತ್ತ, “ಸಾಕು ಬಾರಲೇ, ನಾಳಿಗೆ ನಿಮ್ಮಪ್ಪನ್ನ ಓದುವಂತಿ” ಎಂದರು.

ಮೂರನೆಯ ದಿನ ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತಿದ್ದೆವು. ಒಳಗೆ ತಲೆಯಿಲ್ಲದ ಬುದ್ಧರು, ನಾಣ್ಯಗಳು, ತುಕ್ಕು ಹಿಡಿದ ಕತ್ತಿಗಳು. ನಾನು ಯಾವುದನ್ನೂ ನೋಡಲಿಲ್ಲ, ಓಡುತ್ತಿದ್ದೆ. ಹಿಂದಿನ ವರಾಂಡದ ಮೂಲೆಯಲ್ಲಿ ಅವಳಿದ್ದಳು. ಎತ್ತಿದ ಕೈ, ಬಳೆಗಳು. ಕೆಳಗೆ ಇಂಗ್ಲಿಷಿನ ಚೀಟಿ. ನಾನೇ ಕಲಿತ ಇಂಗ್ಲಿಷಿನಲ್ಲಿ ಅಕ್ಷರ ಕೂಡಿಸಿ ಓದಿದೆ: ‘ಮಾಸ್ತಿಕಲ್ಲು. ಬಳ್ಳಾರಿ ಜಿಲ್ಲೆ. ಕೊಟ್ಟವರು: ಮಿಸ್ಟರ್ ಎನ್. ಮನಿಯವರು, ಕಂಪ್ಲಿ.’

ಮತ್ತೊಮ್ಮೆ ಓದಿದೆ. ಮೂರನೆಯ ಸಲ ಬೆರಳಿಟ್ಟು ಓದಿದೆ. ಯಾರು ಈ ಮನಿಯವರು? ಕಂಪ್ಲಿಯಲ್ಲಿ ಆ ಹೆಸರಿನ ಮನೆತನವೇ ಇಲ್ಲ. ನಿನ್ನ ಕಲ್ಲಿನ ಮೇಲೆ ಯಾವನೋ ತನ್ನ ಹೆಸರು ಬರೆಸಿಕೊಂಡಿದ್ದಾನೆ, ನೀನು ಸಾಯುವವರೆಗೆ ಊರೂರಿಗೆ ಹೇಳಿದ ಚೀಟಿಯಲ್ಲಿ ಇರುವುದು ಬೇರೆಯವನ ಹೆಸರು! ನನ್ನ ಕೂಗಿಗೆ ಒಬ್ಬ ಮುದುಕರು ಕನ್ನಡಕ ಸರಿಮಾಡಿಕೊಳ್ಳುತ್ತ ಬಂದರು. ಅಲ್ಲಿಯ ಗುಮಾಸ್ತರು, ಗುಂಟೂರು ಕಡೆಯವರು. ತೆಲುಗಿನಲ್ಲಿ ನಾನು ಸಿಟ್ಟು ಮಾಡಿದ್ದು ಅವರಿಗೆ ಖುಷಿಯೇ ಆಯಿತೋ ಏನೋ, ಕೂರಿಸಿ, ಹಳೆಯ ದಫ್ತರ ತೆರೆದು ತೋರಿಸಿದರು. ಅದರಲ್ಲಿ ‘ಎನ್’ ಇರಲಿಲ್ಲ. ‘ನಂ ಮನಿಯವರು’ ಎಂದು ಬಿಡಿಸಿ ಬರೆದಿತ್ತು.

ಈರಣ್ಣ ಮಾಸ್ತರು ನನ್ನ ಹೆಗಲ ಮೇಲಿಂದ ಬಗ್ಗಿ ಅದನ್ನು ನಿಧಾನ ಓದಿಕೊಂಡರು. “ನಂ... ಮನಿಯವರು. ನಂಮನಿಯವರು.” ಒಮ್ಮೆಲೇ ನೆಲಕ್ಕೆ ಕುಸಿದು ಕೂತು ನಗತೊಡಗಿದರು. “ಅಯ್ಯೋ ಶಿವನೇ! ಲೇ ಹುಚ್ಚಪ್ಪಾ, ಇವನ್ಯಾವನೂ ಕಳ್ಳ ಅಲ್ಲೋ. ಸಾಹೇಬನ ಗುಮಾಸ್ತ ನಿಮ್ಮವ್ವನ್ನ ಕಲ್ಲು ಯಾರದು ಅಂತ ಕೇಳ್ಯಾನ. ಆಕಿ ಗಂಡನ ಹೆಸರು ಹೇಳ್ತಾಳೇನು? ‘ನಮ್ಮನಿಯವರದು’ ಅಂದಾಳ. ಅವ ಅದನ್ನ ಹೆಸರು ಅಂತ ಬರಕೊಂಡಾನ!” ನಾನು ತೆಲುಗಿಗೆ ತಿರುಗಿಸಿ ಹೇಳಿದೆ. ಮುದುಕರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ನಮ್ಮಲ್ಲೂ ಗಂಡನಿಗೆ ‘ಮಾವಾರು’ ಅಂತಾರೆ ಬಾಬೂ. ಆ ಸಾಹೇಬ ನಮ್ಮ ಮನೆಗೆ ಹೋಗಿದ್ದರೆ ನಾನೂ ಇಲ್ಲಿ ಮಿಸ್ಟರ್ ಎಂ. ವಾರು ಆಗಿ ನಿಂತಿರುತ್ತಿದ್ದೆ.” ಅವರಿಬ್ಬರೂ ನಕ್ಕರು. ನನಗೆ ನಗು ಬರಲಿಲ್ಲ. ಗಂಡನ ಹೆಸರು ಹೇಳಬಾರದೆನ್ನುವ ಮೂಢತನದ ವಿರುದ್ಧ ನಾನು ಎಷ್ಟು ಓಣಿಗಳಲ್ಲಿ ಭಾಷಣ ಮಾಡಿದ್ದೇನೆ! ಅದೇ ಮೂಢತನ ನನ್ನ ಅಪ್ಪನನ್ನೇ ದಿಲ್ಲಿಯಿಂದ ಅಳಿಸಿಹಾಕಿತ್ತು. ತಿದ್ದಬೇಕು ಎಂದೆ. ಮುದುಕರು ಒಂದು ಅಚ್ಚಿನ ಕಾಗದ ಕೊಟ್ಟರು. ಅಂದು ಹೆಸರು ಹೇಳಿದವರೇ ಸರಿಯಾದ ಹೆಸರು ತಿಳಿಸಿ, ಕೆಳಗೆ ತಮ್ಮ ರುಜುವೋ ಹೆಬ್ಬೆಟ್ಟೋ ಹಾಕಬೇಕು. ಆಗ ಚೀಟಿ ಬದಲಾಗುತ್ತದೆ.

ಊರಿಗೆ ಬಂದ ಮರುದಿನವೇ ಅವ್ವನನ್ನು ಕರಣಂ ಕಟ್ಟೆಗೆ ಕರೆದುಕೊಂಡು ಹೋದೆ. ಇದನ್ನು ಬರೆಯುವುದು ಕಷ್ಟ. ಆದರೂ ನಿನ್ನಿಂದ ಮುಚ್ಚಿಡುವುದು ಬೇಡ. ಊರ ಲೆಕ್ಕ ಬರೆಯುವ ಆ ಹಿರಿಯರು ಒಳ್ಳೆಯವರು. “ಗೊತ್ತಿರೋ ಹೆಸರು, ನಾನು ಬರೀತೀನಿ, ನೀನು ಹೆಬ್ಬೆಟ್ಟು ಒತ್ತವ್ವ ಸಾಕು” ಎಂದರು. ನಾನು ಒಪ್ಪಲಿಲ್ಲ. ಅವಳ ಬಾಯಿಂದಲೇ ಬರಬೇಕು, ಹತ್ತು ಜನರ ಮುಂದೆ ಬರಬೇಕು ಎಂದು ಹಟ ಹಿಡಿದೆ. ಕಟ್ಟೆಯ ಮೇಲಿದ್ದವರಿಗೆ ಆಟವಾಯಿತು. ಅವ್ವ ಸೆರಗು ಎಳೆದುಕೊಂಡು, “ಕೂಡ್ಲಿಗಿ ದಾಟಿದ್ರ ಒಂದು ಊರು ಬರ್ತೈತಲ್ರಿ, ಅಲ್ಲಿ ದ್ಯಾವ್ರ ಹೆಸರು...” ಎಂದಳು. “ಯಾವ ಊರವ್ವ? ಉಜ್ಜಿನಿ ಏನು?” ಎಂದು ಒಬ್ಬ, ನಿನ್ನ ಹೆಸರಿನ ದೇವರ ಊರು ಗೊತ್ತಿದ್ದೂ, ಬೇಕೆಂದೇ ಕೇಳಿದ. ‘ಕೊಟ್ರು’ ಎನ್ನುವ ಬದಲು ಜನ್ಮವೆಲ್ಲ ‘ನೀಡಿದ್ರು’ ಎಂದವಳು ಅವಳು. ನಿನ್ನ ಹೆಸರಿನ ನೆರಳು ತಾಗುವ ಮಾತನ್ನೂ ನಾಲಿಗೆಗೆ ತಂದವಳಲ್ಲ. “ಹೆಸರು ಹೇಳಿದ್ರ ಅವರ ಆಯುಷ್ಯ ಕಮ್ಮಿ ಆಗ್ತೈತಪ್ಪ, ನನಗ ಹೇಳಾಕ ಬರಂಗಿಲ್ಲ” ಎಂದು ನನ್ನ ಕಡೆ ನೋಡಿದಳು.

“ಸತ್ತವನ ಆಯುಷ್ಯ ಇನ್ನೇನು ಕಮ್ಮಿ ಆಗ್ತೈತಿ?” ಎಂದೆ.

ಕಟ್ಟೆಯ ಮೇಲಿನ ನಗು ನಿಂತುಹೋಯಿತು. ಅವ್ವ ಎದ್ದು ಮನೆಯ ಕಡೆ ನಡೆದಳು. ಕರಣಂ ಆ ಕಾಗದ ಮಡಚಿ ನನ್ನ ಕೈಯಲ್ಲಿಟ್ಟು, “ಭಾಳ ಓದೀಯಪ್ಪ ನೀನು” ಎಂದಷ್ಟೇ ಹೇಳಿದರು. ಆನೆ ಲಾಯದ ಮುಂದೆ ನಿನ್ನ ಮುಖ ಹೇಗಾಗಿತ್ತೋ ಅದೇ ಮುಖ ಅವಳದಾಗಿತ್ತು. ಒಬ್ಬ ಮನುಷ್ಯ ಒಂದೇ ತಪ್ಪನ್ನು ಎಷ್ಟು ಸಲ ಮಾಡಬಹುದು, ಅಪ್ಪ?

ಎರಡು ದಿನ ಅವ್ವ ತಟ್ಟೆ ಮುಂದಿಟ್ಟು ಒಳಗೆ ಹೋಗುತ್ತಿದ್ದಳು. ಮೂರನೆಯ ದಿನ ರೊಟ್ಟಿ ಬಡಿಯುತ್ತ, “ದಿಲ್ಲ್ಯಾಗ ಏನಂತ ಬರದಾರ ಅಂದಿ?” ಎಂದು ತಾನಾಗಿ ಕೇಳಿದಳು. ಹೇಳಿದೆ. “ನಮ್ಮನಿಯವರು ಅಂತನಽ?” ಇನ್ನೊಮ್ಮೆ ಹೇಳಿಸಿದಳು. ಆಮೇಲೆ ನಕ್ಕಳು ನೋಡು. ನೀನು ಹೋದ ಮೇಲೆ ಅವಳು ನಕ್ಕದ್ದನ್ನು ನಾನು ಕಂಡಿರಲಿಲ್ಲ. ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನಕ್ಕಳು. “ಹಂಗಾದ್ರ ನಾನು ಕರದದ್ದ ಅಲ್ಲಿ ಐತಿ. ಅದನ್ನ ಅಳಸಬ್ಯಾಡ ಅನ್ನು. ಅದರ ಕೆಳಗ ಅವರ ಹೆಸರು ಬರೀಲಿ.” ನಾನು ತಪ್ಪಾಯಿತೆಂದೆ, ಹೇಳುವುದು ಬೇಡ, ಹೆಬ್ಬೆಟ್ಟು ಒತ್ತು ಸಾಕು ಎಂದೆ. ಅವಳು ರೊಟ್ಟಿ ತಿರುವಿಹಾಕಿ, “ಬಾಯಿಲೆ ಹೇಳಬಾರದಂತ ಐತಿ. ಕೈಲೆ ಬರೀಬಾರದಂತ ಯಾರು ಅಂದಾರ?” ಎಂದಳು. ನಾನು ಬಾಯಿ ತೆರೆಯುವ ಮೊದಲೇ ಇನ್ನೊಂದು ಬಿತ್ತು: “ಊರ ಹೆಣಮಕ್ಕಳಿಗೆಲ್ಲ ಅಕ್ಷರ ಕಲಸ್ತಿ. ನಾನೇನು ಈ ಊರಾಕಿ ಅಲ್ಲೇನು?”

ಇದಕ್ಕೆ ಉತ್ತರ ಯಾವ ಕರಪತ್ರದಲ್ಲಿದೆ? ನೇಕಾರರ ಓಣಿಯಲ್ಲಿ ಎರಡು ವರ್ಷದಿಂದ ಹಲಗೆ ಹಂಚುತ್ತಿದ್ದೇನೆ. ನನ್ನ ಅಂಗಿ ಒಗೆದು ಮಡಿಚಿಟ್ಟು ಕಳಿಸುತ್ತಿದ್ದವಳ ಕೈಯಲ್ಲಿ ಒಂದು ಹಲಗೆ ಇಡಬೇಕೆಂದು ಒಂದು ದಿನವೂ ತೋಚಲಿಲ್ಲ.

ಅ, ಆ ದಿಂದ ಶುರುಮಾಡೋಣ ಎಂದೆ. “ಅದೆಲ್ಲ ಆಮ್ಯಾಲ. ಮದ್ಲ ಅಷ್ಟ ತೋರ್ಸು.” ಮೂರೇ ಅಕ್ಷರ. ಸೋಮವಾರ ‘ಕೊ’ ಹೇಳಿ ಬರೆದಳು. ಬುಧವಾರ ‘ಟ್ರ’. ‘ಪ್ಪ’ ಶುಕ್ರವಾರಕ್ಕೆ ಇಟ್ಟುಕೊಂಡಳು. ಮೂರನ್ನೂ ಒಂದೇ ದಿನ ಬಾಯಿಂದ ಬಿಡಬಾರದಲ್ಲ! ಕೈಗೆ ಮಾತ್ರ ಆ ಕಟ್ಟು ಇರಲಿಲ್ಲ. ಶನಿವಾರ ಮೂರನ್ನೂ ಸೇರಿಸಿ ಹಲಗೆಯ ಮೇಲೆ ಬರೆದಳು. ‘ಟ’ ಬಾತುಕೊಂಡಿತ್ತು, ಒತ್ತು ಎಲ್ಲೋ ಕೆಳಗೆ ಹೋಗಿತ್ತು, ಆದರೂ ನೀನೇ. ಇನ್ನೊಮ್ಮೆ ಬರಿ, ಅಳಿಸು ಎಂದೆ. ಅಳಿಸಲಿಲ್ಲ. “ಅವರ ಹೆಸರು ನಾನು ಅಳಸ್ಲೇನು?” ಹಲಗೆ ತುಂಬಿದ ಮೇಲೆ ಒಲೆಯ ಪಕ್ಕದ ಮಸಿ ಹಿಡಿದ ಗೋಡೆಗೆ ಬಂದಳು. ಬಾಗಿಲಿನಿಂದ ಗೂಡಿನವರೆಗೆ ಈಗ ಸೀಮೆಸುಣ್ಣದಲ್ಲಿ ನೀನೇ ನೀನು, ಒಂದರ ಕೆಳಗೆ ಒಂದು, ಸಾಲು ಸಾಲು. ಆ ಗೋಡೆಗೆ ಇನ್ನು ಸುಣ್ಣ ಹೊಡೆಯುವಂತಿಲ್ಲ. ನಾನು ಇರುವವರೆಗೆ ಹೊಡೆಯಲು ಬಿಡುವುದೂ ಇಲ್ಲ, ಇದು ಮಾತು.

ನಿನ್ನೆ ಅಚ್ಚಿನ ಕಾಗದ ತೆಗೆದು ಮುಂದಿಟ್ಟೆ. ಮೇಲಿನ ಗೆರೆಯಲ್ಲಿ ಉಸಿರು ಹಿಡಿದು ನಿನ್ನ ಹೆಸರು ಬರೆದಳು. ಕಾಗದ ಹರಿಯುವಷ್ಟು ಒತ್ತಿ ಬರೆದಳು. ಪಕ್ಕದಲ್ಲಿ, ಹಳೆಯದೂ ಇರಲಿ ಎಂದು ನಾನು ಇಂಗ್ಲಿಷಿನಲ್ಲಿ ಸೇರಿಸಿದೆ. ಅವಳು ಕೆಳಗಿನ ಖಾಲಿ ಗೆರೆಯ ಮೇಲೆ ಬೆರಳಿಟ್ಟು, “ಇದು ಯಾರಿಗೆ?” ಎಂದಳು.

“ನಿನಗ. ಹೆಸರು ಹೇಳಿದಾಕಿ ನೀನಽ ಅಲ್ಲೇನು, ಅದಕ್ಕ. ಇಲ್ಲಿ ಹೆಬ್ಬೆಟ್ಟು ಒತ್ತು.”

“ಹೆಬ್ಬೆಟ್ಟು ಯಾಕ? ಬರಿಯಾಕ ಬಂತಲ್ಲ. ನಂದು ತೋರ್ಸು.”

ಹೊಸ ಹಲಗೆ ತಂದು ಹಿಡಿದು ಕೂತೆ, ಅಪ್ಪ. ಅವಳು ನಿನ್ನ ಹೆಸರು ಹೇಳಲಿಲ್ಲವೆಂದು ನಾನು ಊರ ಮುಂದೆ ನಿಲ್ಲಿಸಿದೆ. ಈ ಮನೆಯಲ್ಲಿ ಅವಳ ಹೆಸರನ್ನು ಯಾರು ಹೇಳಿದ್ದಾರೆ? ನನಗೆ ಅವಳು ಅವ್ವ. ನೀನು ಹಿತ್ತಲಿನಿಂದ ಕರೆದರೂ, ಗಾಡಿಯ ಮೇಲಿನಿಂದ ಕರೆದರೂ, ಕೊನೆಯ ಜ್ವರದಲ್ಲಿ ನೀರು ಕೇಳಿದಾಗಲೂ, “ಏ, ಕೇಳಿಲ್ಲಿ” ಎಂದೇ ಕರೆದೆ. ಅದನ್ನು ತಪ್ಪು ಎಂದು ಯಾವ ಭಾಷಣದಲ್ಲೂ ನಾನು ಹೇಳಲಿಲ್ಲ.

ಅವಳದೂ ಮೂರೇ ಅಕ್ಷರ. ‘ಹಂ’ ನಿನ್ನೆಯೇ ಬಂತು. ‘ಪ’ ಅವಳಿಗೆ ಮೊದಲೇ ಗೊತ್ತು, ನಿನ್ನ ಹೆಸರಿನಿಂದ ಬಂದದ್ದು. ‘ಮ್ಮ’ ಇವತ್ತು ಬೆಳಿಗ್ಗೆಯಿಂದ ತಿದ್ದುತ್ತಿದ್ದಾಳೆ. ಇದಕ್ಕೆ ಯಾವ ವಾರದ ಕಟ್ಟೂ ಇಲ್ಲವಾದ್ದರಿಂದ ಬರೆಯುತ್ತ ಗಟ್ಟಿಯಾಗಿ ಓದುತ್ತಿದ್ದಾಳೆ, ನಾನು ಇದನ್ನು ಬರೆಯುತ್ತಿರುವ ಪಡಸಾಲೆಗೆ ಕೇಳಿಸುತ್ತಿದೆ. ಸೋಮವಾರ ನಾನೇ ಹೊಸಪೇಟೆಗೆ ನಡೆದುಹೋಗಿ ಕಾಗದವನ್ನು ಟಪಾಲಿಗೆ ಹಾಕುತ್ತೇನೆ. ಅದರಲ್ಲಿ ನೀವಿಬ್ಬರೂ ಇರುತ್ತೀರಿ, ಮೇಲೆ ನೀನು, ಕೆಳಗೆ ಅವಳು, ಎರಡೂ ಅವಳ ಕೈಬರಹ.

ಹಂಪಮ್ಮ ಅಂತ, ಅಪ್ಪ. ಎಲ್ಲಿದ್ದೀಯೋ ಅಲ್ಲಿಂದಲೇ ಒಂದು ಸಲ ಕರಿ.

ನಿನ್ನ ಮಗ